ಹೂವಿಗೆ ಬೇಕು ಕತ್ತಲು

ನವೆಂಬರ್ ಬಂತೆಂದರೆ ಇಲ್ಲಿ ಡ್ಯಾನ್‌ವಿಲ್ಲಿನ ಅಂಗಡಿಗಳಲ್ಲಿ ಮೊಗ್ಗು ತುಂಬಿದ ಕ್ರಿಸ್‌ಮಸ್ ಕ್ಯಾಕ್ಟಸ್ ಕುಂಡಗಳು. ತಂದ ವರ್ಷ ಹೂವೋ ಹೂವು, ಮರುವರ್ಷ ಬರೀ ಹಸಿರು! ಕೂಡಲೇ ಎಲ್ಲರ ಕೈ ಗೊಬ್ಬರದ ಡಬ್ಬಿಗೆ ಹೋಗುತ್ತೆ. ನನ್ನ ಪ್ರಕಾರ ಅದಕ್ಕೆ ಬೇಕಿರೋದು ಗೊಬ್ಬರ ಅಲ್ಲ, ಕತ್ತಲು.

ಇದು ಮರುಭೂಮಿಯ ಕಳ್ಳಿ ಅಲ್ಲ. ನಮ್ಮೂರ ಮನೆಗಳಲ್ಲಿ ಬ್ರಹ್ಮಕಮಲ ಅಂತ ಬೆಳೆಸ್ತೀವಲ್ಲ, ಅದರ ಬಳಗ; ಆಗ್ನೇಯ ಬ್ರೆಜಿಲ್‌ನ ಬೆಟ್ಟದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವಂಥದ್ದು. ರಾತ್ರಿ ಉದ್ದವಾಗಿ, ತಂಪಾದರೆ ಮೊಗ್ಗು ಬಿಡುತ್ತೆ. ಅಲ್ಲಿ ಆ ಕಾಲ ಮೇ ತಿಂಗಳಿನ ಹೊತ್ತು, ಅದಕ್ಕೇ ಅಲ್ಲಿಯವರಿಗೆ ಇದು 'ಮೇ ಹೂವು'. ಉತ್ತರಾರ್ಧಗೋಳಕ್ಕೆ ಬಂದು, ಪಾಪ, ತನ್ನ ಕ್ಯಾಲೆಂಡರನ್ನೇ ಬದಲಿಸಿಕೊಂಡಿದೆ. ಆದರೆ ನಮ್ಮ ಮನೆಯೊಳಗೆ ರಾತ್ರಿ ಅನ್ನೋದು ಆಗಬೇಕಲ್ಲ? ಹನ್ನೊಂದರವರೆಗೂ ದೀಪ, ಟೀವಿ, ಸಾಲದ್ದಕ್ಕೆ ಹೀಟರ್!

ಅಕ್ಟೋಬರ್ ಶುರುವಿನಿಂದ ಆರು ವಾರ, ಸಂಜೆ ಯಾರೂ ದೀಪ ಹಾಕದ ತಣ್ಣನೆಯ ಕೋಣೆಯ ಕಿಟಕಿಯಲ್ಲಿಡಿ. ಬೀದಿದೀಪವೂ ಬೀಳಬಾರದು. ಹಗಲು ಬೆಳಕು, ರಾತ್ರಿ 12-14 ಗಂಟೆ ಕತ್ತಲು, 13ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪು. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ಮೊಗ್ಗು ಬಂದಮೇಲೆ ಕುಂಡದ ಜಾಗ ಬದಲಿಸಬೇಡಿ, ಉದುರಿಹೋಗಬಹುದು.

ಸೇವಂತಿಗೆಗೂ ಇದೇ ಸ್ವಭಾವ. ಹೂವು ತಡವಾಗಲಿ ಅಂತಲೇ ಬೆಳೆಗಾರರು ರಾತ್ರಿ ಬಲ್ಬ್ ಉರಿಸುತ್ತಾರೆ. ನಾವು ಅದನ್ನೇ ನಡುಮನೆಯಲ್ಲಿ ಮಾಡುತ್ತಾ, ಗಿಡ ಹೂ ಬಿಡಲಿಲ್ಲ ಅಂತ ದೂರುತ್ತೇವೆ. ಒಂದು ಕೋಣೆಯಲ್ಲಾದರೂ ಸಂಜೆಯಾದಾಗ ಸಂಜೆಯಾಗಲಿ ಬಿಡಿ, ಏನಂತೀರಿ?