ಸರ್ಟಿಫಿಕೇಟ್ ಬರೂತನಕಾ ಕೂಸು ಕಾಯಬೇಕೇನ್ರಿ?

ಸಾಲ್ಯಾಗ ಒಂದು ಮಾತು ಭಾಳ ಸಸ್ತಾ ಸಿಗತದ: "ನಿಮ್ಮ ಹುಡುಗಾ ಲಕ್ಷ್ಯ ಕೊಡೂದಿಲ್ಲ." ಅದೇ ಹುಡುಗಗ ಕಥಿ ಹೇಳು ಅಂದ್ರ ಪಟಪಟಾ ಹೇಳ್ತಾನ. ಅಂಗಡಿಗೆ ಕಳಿಸಿದ್ರ ಚಿಲ್ಲರಿ ಎಣಿಸಿಕೊಂಡು ಬರ್ತಾನ. ಪುಸ್ತಕಾ ಮುಂದಿಟ್ರ ಮಾತ್ರ ಒತ್ತಕ್ಷರ ನುಂಗತಾನ, ದೀರ್ಘ ಬಿಡತಾನ, ಒಂದು ಸಾಲು ಓದೂದ್ರಾಗ ಬೆವರತಾನ. ಇಂಥಾ ಎಲ್ಲಾ ಮಕ್ಕಳಿಗೂ ಡಿಸ್ಲೆಕ್ಸಿಯಾ ಇರ್ತದಂತ ನಾನು ಹೇಳೂದಿಲ್ಲ. ಆದ್ರ ತಪಾಸಣಿ ಮಾಡದನ "ಆಳಸಿ" ಅನ್ನಲಿಕ್ಕೆ ಇವರಿಗೆ ಅಧಿಕಾರ ಕೊಟ್ಟವರು ಯಾರ್ರಿ?

ಕಾಯ್ದೆ ಹಂಗ ಹೇಳೂದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೊಳಗ 21 ನಮೂನಿ ನ್ಯೂನತೆ ಅವ, ನಿರ್ದಿಷ್ಟ ಕಲಿಕಾ ನ್ಯೂನತೆನೂ ಅದರಾಗ ಒಂದು. ಮಕ್ಕಳೊಳಗ ಇದನ್ನ ಆದಷ್ಟು ಲಗೂನ ಗುರುತಿಸಿ, ಕಲಿಸೂ ರೀತಿ ಬದಲಿಸಬೇಕು ಅಂತ 16ನೇ ಕಲಂ ಹೇಳತದ. ಐದು ವರ್ಷಕ್ಕೊಮ್ಮೆ ಸಾಲಿ ಮಕ್ಕಳ ಸರ್ವೆ ಮಾಡಬೇಕು ಅಂತ 17ನೇ ಕಲಂ ಹೇಳತದ. ನಿಮ್ಮ ಸಾಲಿಗೆ ಅಂಥಾ ಸರ್ವೆ ಬಂದಿತ್ತೇನು, ಒಮ್ಮೆ ಕೇಳಿ ನೋಡ್ರಿ.

ಇನ್ನ ಸರ್ಟಿಫಿಕೇಟಿನ ಹಾದಿ. ಕೇಂದ್ರದ ಮಾರ್ಗಸೂಚಿ ಪ್ರಕಾರ ಎಂಟು ವರ್ಷ ತುಂಬಿದ ಮ್ಯಾಲೇ ಕಲಿಕಾ ನ್ಯೂನತೆಯ ಪ್ರಮಾಣಪತ್ರ. ಮುಂದ 14ಕ್ಕ, 18ಕ್ಕ ಮತ್ತ ನೋಡಬೇಕು. ಮೊದಲ ಮಕ್ಕಳ ಡಾಕ್ಟರು ಕಣ್ಣು ಕಿವಿ ಸುದ್ದಾ ನೋಡಬೇಕು, ಆಮ್ಯಾಲ ಬುದ್ಧಿಮಟ್ಟದ ಪರೀಕ್ಷಾ, ಆಮ್ಯಾಲ ನಿಮ್ಹಾನ್ಸ್‌ನವರು ಮಾಡಿದ ಓದು-ಬರಹ-ಲೆಕ್ಕದ ಪರೀಕ್ಷಾ. ಅದರಾಗ ಕೂಸು ತನ್ನ ಇಯತ್ತೆಗಿಂತ ಎರಡು ಇಯತ್ತೆ ಹಿಂದ ಇದ್ರ ನ್ಯೂನತೆ ಅಂತ ಲೆಕ್ಕಾ. ಅಂದ್ರ ಹಿಂದ ಬೀಳೂತನಕಾ ಹಾದಿ ನೋಡಬೇಕು. ರೊಟ್ಟಿ ಹೊತ್ತಿದ ಮ್ಯಾಲೆ ಉರಿ ಸಣ್ಣ ಮಾಡಿದ್ಹಂಗ ಆತಲ್ಲ!

"ಸಣ್ಣ ಕೂಸಿಗೆ ಅವಸರಲೆ ಹಣೆಪಟ್ಟಿ ಹಚ್ಚಬಾರದವ್ವಾ" ಅಂತೀರಿ. ಖರೆ ಮಾತು. ಕೆಲವು ಮಕ್ಕಳು ತಡವಾಗಿ ಓದು ಹಿಡೀತಾವ. ಪ್ರಮಾಣಪತ್ರಕ್ಕ ಎಂಟು ವರ್ಷ ಇರಲಿ, ನನ್ನ ತಕರಾರಿಲ್ಲ. ನನ್ನ ಜಗಳ ಸಹಾಯಕ್ಕೂ ಅದೇ ಎಂಟು ವರ್ಷದ ಗೆರಿ ಹಾಕಿದವರ ಜೋಡಿ. ನನ್ನ ತಂಗಿ ಮಗಳು ಎರಡನೇ ಇಯತ್ತೆದಾಗ ಇದ್ದಾಗ ಸಾಲ್ಯಾವರು "ಎಂಟು ತುಂಬಲಿ, ಸರ್ಟಿಫಿಕೇಟ್ ತರ್ರಿ, ಆಮ್ಯಾಲ ನೋಡೋಣು" ಅಂದಿದ್ರು. ದಿನಾ ಹದಿನೈದು ಮಿನಿಟ ಕೂಡಿಸಿಕೊಂಡು ಸಪ್ಪಳಕ್ಕ ಅಕ್ಷರ ಜೋಡಿಸಿ ಓದಸಲಿಕ್ಕೆ ಯಾವ ಸಿಕ್ಕಾ ಬೇಕ್ರಿ? 40 ಪ್ರತಿಶತದ ಲೆಕ್ಕಾ ಪುಕ್ಕಟೆ ಶಿಕ್ಷಣ, ಮೀಸಲಾತಿ ಇಂಥಾವಕ್ಕ ಅದ. 16ನೇ ಕಲಮಿನ್ಯಾಗ ಆ 40ರ ಮಾತೇ ಇಲ್ಲ.

ಇನ್ನೊಂದು. ಮನ್ಯಾಗ ಕನ್ನಡ, ಸಾಲ್ಯಾಗ ಇಂಗ್ಲಿಷ್. ಬರೇ ಇಂಗ್ಲಿಷಿನ್ಯಾಗ ಪರೀಕ್ಷಾ ಮಾಡಿದ್ರ ಕೂಸಿನ ತೊಂದರಿ ಯಾವುದು, ಇಂಗ್ಲಿಷ್ ಬರಲಾರದ್ದು ಯಾವುದು, ಹೆಂಗ ತಿಳೀಬೇಕು? ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ಮಾಡಿದ 'ಡಾಲಿ' ಅನ್ನೂ ಪರೀಕ್ಷಾ ಕನ್ನಡದಾಗೂ ಅದ. "ಕನ್ನಡದಾಗೂ ನೋಡ್ರಿ" ಅಂತ ಕೇಳ್ರಿ, ಸಂಕೋಚ ಬ್ಯಾಡ.

ಹತ್ತನೇ ಇಯತ್ತೆ ಬಂದಾಗ ಮಾತ್ರ ಎಲ್ಲಾರೂ ಓಡತಾರ. ಬರೆಯುವವರು ಬೇಕು, ತಾಸಿಗೆ 20 ಮಿನಿಟ ಹೆಚ್ಚು ವ್ಯಾಳ್ಯಾ ಬೇಕು. ಬೇಕೇ ಬೇಕು, ಅದು ಮಕ್ಕಳ ಹಕ್ಕು. ಆದ್ರ ಪರೀಕ್ಷಾಕ್ಕ ಸಿಕ್ಕ ಒಂದು ತಾಸಿನಿಂದ ಒಂಬತ್ತು ವರ್ಷ ಓದಲಾರದ ಕೂತದ್ದು ತುಂಬತದೇನು?

ಅದಕ್ಕ ಹೇಳತೀನಿ: ಒಂದನೇ ಇಯತ್ತೆದಾಗೇ ಅನುಮಾನ ಬಂದ್ರ ಮೊದಲ ಕಣ್ಣು, ಕಿವಿ ತೋರಸ್ರಿ. ಹೆಡ್‌ಮಾಸ್ತರರಿಗೆ ಬಾಯಿಲೆ ಅಲ್ಲ, ತಾರೀಖು ಹಾಕಿ ಅರ್ಜಿ ಬರೀರಿ, ನಕಲು ಇಟ್ಟುಕೊಳ್ರಿ. ತಾಲೂಕಿನ ಬಿಐಇಆರ್‌ಟಿ ಶಿಕ್ಷಕರು ಯಾವಾಗ ಬರ್ತಾರಂತ ಅದರಾಗೇ ಕೇಳ್ರಿ. "ಸರ್ಟಿಫಿಕೇಟ್ ತರ್ರಿ" ಅಂದ್ರ, "ತರ್ತೀವಿ, ಅಲ್ಲೀತನಕಾ ಕೂಸಿಗೆ ಏನು ಕಲಸ್ತೀರಿ, ಅದನ್ನ ಬರದು ಕೊಡ್ರಿ" ಅನ್ರಿ.