ಮೊಗಲಾಯಿ ಸೀಮೆಯ ರೇಲ್ವೆ

ಗದಗಿನಿಂದ ಹೊಸಪೇಟೆಗೆ ಹೋಗುವ ರೇಲ್ವೆಯ ಹಾದಿಯನ್ನು ನಮ್ಮ ವಾಚಕರಲ್ಲಿ ಅರಿಯದವರು ವಿರಳ. ಕೆಲವೇ ತಾಸುಗಳ ಈ ಪ್ರವಾಸದಲ್ಲಿ 1948ರ ಪೂರ್ವದ ಪ್ರಯಾಣಿಕನು ಮೂರು ಸರಕಾರಗಳ ಸೀಮೆಗಳನ್ನು ತುಳಿಯಬೇಕಾಗಿತ್ತು. ಗದಗು ಮುಂಬಯಿ ಇಲಾಖೆಗೆ ಸೇರಿದ್ದಿತು. ಕೊಪ್ಪಳವು ನಿಜಾಮರ ಸಂಸ್ಥಾನಕ್ಕೆ. ಮುನಿರಾಬಾದಿನ ಬಳಿ ತುಂಗಭದ್ರೆಯನ್ನು ದಾಟಿದೊಡನೆ ಮದ್ರಾಸ ಇಲಾಖೆ. ಒಂದೆಡೆ ಕಲ್ದಾರ ರೂಪಾಯಿ, ಇನ್ನೊಂದೆಡೆ ಹಾಲಿಸಿಕ್ಕಾ. ಅದರ ಮೇಲೆ ಕರೋಡಗಿರಿಯವರ ಕಾಟ ಬೇರೆ. ಆದರೆ ಹತ್ತುವವರ ಮಾತೂ ಇಳಿಯುವವರ ಮಾತೂ ಕನ್ನಡವೇ.

ಈ ಹಾದಿಯನ್ನು ಹಾಕಿದವರಿಗೆ ಕನ್ನಡಿಗರನ್ನು ಕೂಡಿಸುವ ಉದ್ದೇಶವೇನೂ ಇದ್ದಿಲ್ಲ. 1876-78ರ ಘೋರ ಬರಗಾಲದಲ್ಲಿ ಧಾನ್ಯವನ್ನು ಸಾಗಿಸಲಾರದೆ ಜನರು ಸತ್ತ ಮೇಲೆ ಸರಕಾರವು ಕಣ್ತೆರೆಯಿತು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಈ ಸೀಮೆಯಲ್ಲಿ ಹಳಿ ಹಾಕಿ, ನಮ್ಮ ಅರಳೆಯನ್ನು ಮಾರ್ಮಗೋವೆಯ ಬಂದರಕ್ಕೆ ಮುಟ್ಟಿಸುವ ಏರ್ಪಾಡು ಮಾಡಿತು. ನಿಜಾಮರ ಸ್ವಂತ ರೇಲ್ವೆಯಾದರೋ 1874ರಲ್ಲಿಯೇ ವಾಡಿಯಿಂದ ಹೈದರಾಬಾದಿಗೆ ಓಡಿತ್ತು. ಆದರೆ ಗಂಗಾವತಿ, ಕುಷ್ಟಗಿ, ಯಲಬುರ್ಗೆಗಳತ್ತ ಅದು ತಿರುಗಿಯೂ ನೋಡಲಿಲ್ಲ. ಕೊಪ್ಪಳದವನು ತನ್ನದೇ ರಾಜಧಾನಿಗೆ ಗಾಡಿಯಲ್ಲಿ ಹೋಗಬೇಕಾದರೆ ಪರರಾಜ್ಯದ ಬಳ್ಳಾರಿ, ಗುಂತಕಲ್ಲುಗಳನ್ನು ಸುತ್ತಬೇಕಾಗಿತ್ತು!

ಸಂಸ್ಥಾನದೊಳಗಿನ ರೇಲ್ವೆಯ ನೆಲದ ಮೇಲೆ ಯಾರ ಕಾನೂನು ನಡೆಯಬೇಕೆಂಬುದೂ ಒಂದು ತೊಡಕೇ ಆಗಿತ್ತು. ಹೈದರಾಬಾದ ಸಂಸ್ಥಾನದ ನಿಲ್ದಾಣವೊಂದರಲ್ಲಿ ಸಿಮ್ಲೆಯ ಮ್ಯಾಜಿಸ್ಟ್ರೇಟರ ವಾರಂಟಿನ ಮೇರೆಗೆ ಒಬ್ಬನನ್ನು ಹಿಡಿದ ಖಟ್ಲೆಯು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಯಿತು. ಬ್ರಿಟಿಷರಿಗಿದ್ದ ಅಧಿಕಾರವು ರೇಲ್ವೆಯ ವ್ಯವಹಾರಕ್ಕಷ್ಟೇ ಸೀಮಿತವೆಂದೂ ಆ ಬಂಧನವು ಅಕ್ರಮವೆಂದೂ 1897ರಲ್ಲಿ ತೀರ್ಪಾಯಿತು. ನಮ್ಮ ವಕೀಲ ಮಿತ್ರರು ಇದನ್ನು ತಿರುಗಿ ಓದಬೇಕು; ಪ್ರಜೆಯ ಕಾಲ ಕೆಳಗಿನ ನೆಲಕ್ಕೇ ಇಬ್ಬರು ಒಡೆಯರಾದರೆ ಆತನ ಗತಿಯೇನೆಂಬುದು ಅದರಲ್ಲಿ ತಿಳಿಯುವದು.

1948ರ ಸೆಪ್ಟೆಂಬರದಲ್ಲಿ ನಿಜಾಮಶಾಹಿಯು ಕೊನೆಗಂಡಿತು. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯ ಶಿಬಿರದಲ್ಲಿ ಕೂಡಿಸಿದ ತರುಣರ ಕಷ್ಟವು ಫಲಿಸಿತು. 1956ರ ನವೆಂಬರ 1ರಂದು ಈ ನಾಲ್ಕೂ ತಾಲೂಕುಗಳು ಕನ್ನಡ ರಾಜ್ಯವನ್ನು ಸೇರಿದವು. ರಾಜ್ಯವೇನೋ ಕೂಡಿತು, ಹಳಿಗಳು ಕೂಡಿದವೆ? ಮುನಿರಾಬಾದ-ಮಹಬೂಬನಗರ ಮಾರ್ಗಕ್ಕೆ ಮಂಜೂರಾತಿ ದೊರೆತದ್ದು 1997ರ ಸುಮಾರಿಗೆ. ಗಂಗಾವತಿಯು ಗಾಡಿಯನ್ನು ಕಂಡದ್ದು 2019ರಲ್ಲಿ, ಸಿಂಧನೂರು 2024ರಲ್ಲಿ. ಗದಗ-ವಾಡಿ ಮಾರ್ಗವು ತಳಕಲ್ಲಿನಿಂದ ಕವಲೊಡೆದು ಯಲಬುರ್ಗೆಯ ಸೀಮೆಯನ್ನು ಹಾಯ್ದು ಕುಷ್ಟಗಿಯನ್ನು ಮುಟ್ಟಿ, ಹುಬ್ಬಳ್ಳಿಯ ಗಾಡಿಯು ಅಲ್ಲಿಗೆ ಬಂದದ್ದು 2025ರ ಮೇ ತಿಂಗಳಲ್ಲಿ. ಏಕೀಕರಣವಾಗಿ ಅರುವತ್ತೆಂಟು ವರ್ಷಗಳು ಕಳೆದ ಮೇಲೆ! ಅಂದು ಹುಟ್ಟಿದ ಕೂಸು ಮೊಮ್ಮಕ್ಕಳನ್ನು ಎತ್ತಿಕೊಂಡು ನಿಲ್ದಾಣಕ್ಕೆ ಬರಬೇಕಾಯಿತು.

ಸಂತೋಷವಿಲ್ಲವೆಂದು ನಾವು ಹೇಳುವದಿಲ್ಲ. ಗಂಗಾವತಿ, ಕಾರಟಗಿಗಳ ಅಕ್ಕಿಗೆ ಲಾರಿಯಲ್ಲದೆ ಬೇರೆ ದಾರಿಯೂ ಬೇಕು. ಅಂಜನಾದ್ರಿಯ ಯಾತ್ರಿಕರಿಗೂ ಬೇಕು. ಆದರೆ ಕುಷ್ಟಗಿಯಲ್ಲಿ ನಿಂತ ಹಳಿಯು ಅರ್ಧ ಕಟ್ಟಿದ ಸೇತುವೆಯಂತೆ. ನಮ್ಮ ಜಿಲ್ಲೆಯ ಹೈಕೋರ್ಟಿನ ಕೆಲಸ ಧಾರವಾಡದಲ್ಲಿ. ಕಂದಾಯ ವಿಭಾಗದ ಕಚೇರಿ ಕಲಬುರ್ಗಿಯಲ್ಲಿ. ಧಾರವಾಡಕ್ಕೆ ಗಾಡಿಯುಂಟು. ಕಲಬುರ್ಗಿಗೆ ಕೊಪ್ಪಳದಿಂದ ನೇರವಾದ ಹಳಿ ದೊರೆಯುವದು ಕುಷ್ಟಗಿಯಿಂದ ಲಿಂಗಸೂಗೂರು, ಸುರಪುರಗಳ ಮೇಲಿಂದ ಅದು ವಾಡಿಯನ್ನು ಮುಟ್ಟಿದಾಗಲೇ.

ಇನ್ನೊಂದು ಮಾತನ್ನು ಹೇಳಲೇಬೇಕು. 2003ರಲ್ಲಿ ಹುಬ್ಬಳ್ಳಿಗೆ ನೈಋತ್ಯ ರೇಲ್ವೆಯ ಮುಖ್ಯ ಕಚೇರಿ ಬಂದಿತು. ಆದರೂ ಕಲಬುರ್ಗಿಯ ನಿಲ್ದಾಣವು ಉಳಿದದ್ದು ಮುಂಬಯಿಯ ಮಧ್ಯ ರೇಲ್ವೆಯ ಸೊಲ್ಲಾಪುರ ವಿಭಾಗದಲ್ಲಿ. ಅಂದರೆ ಹೊಸ ಹಳಿಯ ಒಂದು ತುದಿ ಹುಬ್ಬಳ್ಳಿಯವರದು, ಅದರಾಚೆಯ ಊರು ಪರರ ಲೆಕ್ಕದ್ದು. ಗಾಡಿಯ ವೇಳೆಯನ್ನು ಗೊತ್ತುಪಡಿಸುವಾಗ ಒಬ್ಬರು ಇನ್ನೊಬ್ಬರತ್ತ ಬೊಟ್ಟು ಮಾಡಿದರೆ ತಾರೀಖಿಗೆ ಹೊರಟ ಪಕ್ಷಕಾರನೂ ಕಾಲೇಜಿಗೆ ಹೊರಟ ಹುಡುಗಿಯೂ ಫಲಾಟಿನ ಮೇಲೆ ಕುಳಿತಿರಬೇಕು.

ಈ ಮಾರ್ಗಗಳ ವೆಚ್ಚದಲ್ಲಿ ನಮ್ಮ ರಾಜ್ಯವೂ ಪಾಲುದಾರ. ಭೂಮಿಯನ್ನು ಒದಗಿಸುವದೂ ಅದೇ. ಆದುದರಿಂದ ಕೇಳುವದು ಭಿಕ್ಷೆಯಲ್ಲ. ನಾಲ್ಕೂ ತಾಲೂಕುಗಳ ಶಿಕ್ಷಕರೂ ವರ್ತಕರೂ ಪುರಸಭೆಗಳೂ ಕೂಡಿ, ಭೂಸ್ವಾಧೀನವು ಎಲ್ಲಿ ತಡೆದಿದೆಯೆಂದು ಊರೂರಿನ ಹೆಸರು ಹಿಡಿದು ಜಿಲ್ಲಾಧಿಕಾರಿಗಳನ್ನು ಕೇಳಲಿ, ಆ ಉತ್ತರವನ್ನು ಹುಬ್ಬಳ್ಳಿಗೂ ದಿಲ್ಲಿಗೂ ಕಳಿಸಲಿ. ಬಂದ ಉತ್ತರಗಳನ್ನು ಪ್ರಕಟಿಸಲು ಈ ಪತ್ರಿಕೆಯಲ್ಲಿ ಸ್ಥಳವಿದೆ.