ಬಕ್ಷೀಸಿನ ತೆರಿಗೆ ಬಿಡಿ, ಪಗಾರದ ಮಾತು ಆಡಿ

ಜಹೀರಾಬಾದ್: ಊಟ ಮುಗಿಸಿ ಎದ್ದ ಗಿರಾಕಿ ಬಿಲ್ಲಿನ ತಟ್ಟೆಯಲ್ಲಿ ಬಿಟ್ಟು ಹೋಗುವ ಹತ್ತಿಪ್ಪತ್ತು ರೂಪಾಯಿಗೆ ಈ ಭಾಗದಲ್ಲಿ ಬಕ್ಷೀಸು ಎನ್ನುತ್ತಾರೆ. ಕೆಲವರು ಚಹಾ ರೊಕ್ಕ ಎನ್ನುತ್ತಾರೆ. ಈಗಿನ ಹುಡುಗರ ಬಾಯಲ್ಲಿ ಅದು ಟಿಪ್ಸು. ಹೆಸರು ಏನೇ ಇರಲಿ, ಅದೂ ಆದಾಯವೇ? ಆದಾಯವಾದರೆ ಅದಕ್ಕೂ ತೆರಿಗೆ ಕಟ್ಟಬೇಕೇ?

ಮುಂಬೈ ಹೆದ್ದಾರಿ ಮೇಲಿನ ಜಹೀರಾಬಾದಿನ ಧಾಬಾಗಳಿರಲಿ, ನಾರಾಯಣಖೇಡದ ಚಹಾದಂಗಡಿಗಳಿರಲಿ, ಕಲ್ಲು–ಸಿಮೆಂಟಿನ ಲಾರಿಗಳು ನಿಲ್ಲುವ ತಾಂಡೂರಿನ ಖಾನಾವಳಿಗಳಿರಲಿ, ಮೊದಲು ಇದು ಯಾರೂ ಕೇಳುವ ಪ್ರಶ್ನೆಯಾಗಿರಲಿಲ್ಲ. ಚಿಲ್ಲರೆ ಕಿಸೆಗೆ ಬಿದ್ದರೆ ಅದರ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು. ಈಗ ಗಿರಾಕಿ ಸಪ್ಲೈಯರನ ಫೋನಿಗೇ ರೊಕ್ಕ ಹಾಕಬಹುದು. ಹಾಕಿದರೆ ಬ್ಯಾಂಕ್ ಖಾತೆಯಲ್ಲಿ ಗುರುತು ಉಳಿಯುತ್ತದೆ.

ಗುರುತು ಉಳಿದರೆ ಅಂಜಿಕೆಯೂ ಹುಟ್ಟುತ್ತದೆ. 2025ರ ಜುಲೈನಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಫೋನ್ ಪಾವತಿಯ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ನೋಟಿಸುಗಳು ಹೋದದ್ದು, ಬೇಕರಿ–ಚಹಾದಂಗಡಿಯವರು ಕ್ಯೂಆರ್ ಚೀಟಿ ಕಿತ್ತು ಹಾಕಿದ್ದು ಗಡಿಯಾಚೆಗೂ ಗೊತ್ತಾದ ಸಂಗತಿ. ಆದರೆ ಅದು ವಹಿವಾಟಿನ ಮೇಲಿನ ಜಿಎಸ್‌ಟಿ ಮಾತು. ಕೂಲಿಯವನ ಬಕ್ಷೀಸಿಗೂ ಅದಕ್ಕೂ ಸಂಬಂಧವಿಲ್ಲ.

ಕೋರ್ಟು ಹೇಳಿದ್ದೇನು?

ಹೋಟೆಲ್ ಬಕ್ಷೀಸಿನ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಗಿರಾಕಿಗಳು ಕಾರ್ಡಿನ ಮೂಲಕ ಕೊಟ್ಟ ಬಕ್ಷೀಸನ್ನು ಐಟಿಸಿ ಹೋಟೆಲು ತನ್ನ ನೌಕರರಿಗೆ ಹಂಚುತ್ತಿತ್ತು. ಅದೂ ಸಂಬಳವೇ, ಮೊದಲೇ ತೆರಿಗೆ ಮುರಿದುಕೊಳ್ಳಬೇಕಿತ್ತು ಎಂಬುದು ಆದಾಯ ತೆರಿಗೆ ಇಲಾಖೆಯ ವಾದ. 2016ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟು ಈ ವಾದ ಒಪ್ಪಲಿಲ್ಲ. ಬಕ್ಷೀಸು ಕೊಡುವವನು ಗಿರಾಕಿ, ಮಾಲಕನಲ್ಲ. ಆದ್ದರಿಂದ ಅದು ಸಂಬಳವಲ್ಲ ಎಂದಿತು. ಆದರೆ ನೌಕರನ ಕೈಯಲ್ಲಿ ಅದು ‘ಇತರ ಮೂಲಗಳ ಆದಾಯ’ ಎಂದೂ ಹೇಳಿತು. ಅಂದರೆ ಮಾಲಕ ಮುರಿದುಕೊಳ್ಳುವಂತಿಲ್ಲ. ಲೆಕ್ಕ ಕೊಡುವ ಹೊಣೆ ಪಡೆದವನದು.

ಹಾಗಾದರೆ ಧಾಬಾದ ಹುಡುಗ ತೆರಿಗೆ ಕಟ್ಟಬೇಕಾ? ಲೆಕ್ಕ ಹಾಕಿ ನೋಡಿದರೆ ಅಂಜಿಕೆ ಇಳಿಯುತ್ತದೆ. ತಿಂಗಳಿಗೆ 12 ಸಾವಿರ ಪಗಾರ, ದಿನಕ್ಕೆ 100 ರೂಪಾಯಿಯಂತೆ 26 ದಿನ ಬಕ್ಷೀಸು ಎಂದು ಹಿಡಿದರೆ ವರ್ಷದ ಗಳಿಕೆ 1,75,200 ರೂಪಾಯಿ. ಹೈದರಾಬಾದಿನ ದೊಡ್ಡ ಹೋಟೆಲಿನಲ್ಲಿ 25 ಸಾವಿರ ಪಗಾರ, ದಿನಕ್ಕೆ 300 ಬಕ್ಷೀಸು ಎಂದು ಹಿಡಿದರೂ 3,93,600. 2025ರ ಬಜೆಟ್ಟಿನಲ್ಲಿ ಹೊಸ ಪದ್ಧತಿಯ ತೆರಿಗೆ ಶುರುವಾಗುವ ಮಿತಿಯನ್ನೇ 4 ಲಕ್ಷಕ್ಕೆ ಏರಿಸಲಾಯಿತು. ರಿಯಾಯಿತಿ ಸೇರಿ 12 ಲಕ್ಷದವರೆಗೆ ಕಟ್ಟುವ ತೆರಿಗೆ ಸೊನ್ನೆ. 4 ಲಕ್ಷ ದಾಟಿದವರು ರಿಟರ್ನ್ ಸಲ್ಲಿಸಬೇಕು, ಅಷ್ಟೇ.

ಅಡುಗೆ ಮನೆಯವನ ಗತಿ?

ಇಷ್ಟಾದರೂ ಬಕ್ಷೀಸಿಗೆ ಪೂರಾ ಮಾಫಿ ಕೊಡಬೇಕು ಎನ್ನುವವರಿಗೆ ಅಮೆರಿಕದ ಉದಾಹರಣೆ ಸಿಕ್ಕಿದೆ. 2025ರ ಜುಲೈ 4ರಂದು ಸಹಿಯಾದ ಕಾಯ್ದೆ ಅಲ್ಲಿ ವರ್ಷಕ್ಕೆ 25 ಸಾವಿರ ಡಾಲರ್‌ವರೆಗಿನ ಬಕ್ಷೀಸಿಗೆ 2028ರ ತನಕ ಆದಾಯ ತೆರಿಗೆಯಿಂದ ವಿನಾಯಿತಿ ಕೊಟ್ಟಿದೆ. ಕೇಳಲು ಚಲೋ ಇದೆ. ಆದರೆ ಅಲ್ಲಿಯ ಕೇಂದ್ರ ಕಾನೂನು ಬಕ್ಷೀಸು ಸಿಗುವ ಕೆಲಸಗಾರನಿಗೆ ತಾಸಿಗೆ 2.13 ಡಾಲರ್ ಕೊಟ್ಟರೂ ನಡೆಯುತ್ತದೆ, ಉಳಿದದ್ದು ಬಕ್ಷೀಸಿನಲ್ಲಿ ತುಂಬಲಿ ಎನ್ನುತ್ತದೆ. 1991ರಿಂದ ಈ ದರ ಬದಲಾಗಿಲ್ಲ. ಮಾಲಕನ ಹೊರೆಯನ್ನು ಗಿರಾಕಿಯ ಹೆಗಲಿಗೆ ಹಾಕಿದ ಪದ್ಧತಿ ಅದು. ಅದನ್ನು ನೋಡಿ ನಾವು ಕುಣಿಯಬೇಕಾಗಿಲ್ಲ.

ಇನ್ನೊಂದು ಮಾತು. ಹೊರಗೆ ತಾಟು ಇಡುವವನಿಗೆ ಬಕ್ಷೀಸು ಸಿಗುತ್ತದೆ. ಒಳಗೆ ಒಲೆಯ ಮುಂದೆ ಬೇಯುವ ಭಟ್ಟನಿಗೆ, ತಾಟು ತೊಳೆಯುವ ಹೆಣ್ಣುಮಗಳಿಗೆ ಗಿರಾಕಿಯ ಮುಖವೇ ಕಾಣುವುದಿಲ್ಲ. ಗಳಿಕೆ ಅಷ್ಟೇ ಇದ್ದರೂ ಒಬ್ಬನಿಗೆ ಮಾಫಿ, ಇನ್ನೊಬ್ಬರಿಗೆ ಇಲ್ಲ ಎಂದರೆ ಅದ್ಯಾವ ನ್ಯಾಯ? ಕಡಿಮೆ ಗಳಿಕೆಯವರೆಲ್ಲರಿಗೂ ಒಂದೇ ಮಿತಿ ಇರುವುದೇ ಸರಿ.

ನಿಜವಾದ ಪೆಟ್ಟು ಎಲ್ಲಿ?

ಬಡ ಕೆಲಸಗಾರನಿಗೆ ಪೆಟ್ಟು ಬೀಳುವುದು ತೆರಿಗೆಯಿಂದಲ್ಲ, ಪಗಾರದಿಂದ. ‘ಪಗಾರ ಕಮ್ಮಿ ಇದ್ರೇನಾತು, ಮ್ಯಾಲ ಬಕ್ಷೀಸು ಸಿಗ್ತದಲ್ಲ’ ಎಂಬ ಮಾತು ಹೋಟೆಲ್ ಕೆಲಸಕ್ಕೆ ಸೇರುವ ಹುಡುಗನಿಗೆ ಹೊಸದಲ್ಲ. ಬಕ್ಷೀಸು ವೇತನವಲ್ಲವಾದ್ದರಿಂದ ಇಎಸ್‌ಐ, ಭವಿಷ್ಯ ನಿಧಿಯ ಲೆಕ್ಕಕ್ಕೆ ಅದು ಬರುವುದಿಲ್ಲ. ಜ್ವರ ಬಂದು ಹದಿನೈದು ದಿನ ಮಲಗಿದರೆ ಬಕ್ಷೀಸೂ ಇಲ್ಲ.

ಆದರೆ ಇದೇ ಕಾನೂನಿಗೆ ಇನ್ನೊಂದು ಮಗ್ಗುಲೂ ಇದೆ. ಬಕ್ಷೀಸು ವೇತನವಲ್ಲ ಎಂದ ಮೇಲೆ ಅದನ್ನು ತೋರಿಸಿ ಕನಿಷ್ಠ ವೇತನಕ್ಕೆ ಕತ್ತರಿ ಹಾಕುವ ಹಕ್ಕು ಮಾಲಕನಿಗೆ ಎಲ್ಲಿಂದ ಬಂತು? ಸಂಬಳದ ಹೊತ್ತಿನಲ್ಲಿ ಬಕ್ಷೀಸು ಎಣಿಸುವುದು, ಇಎಸ್‌ಐ ಹೊತ್ತಿನಲ್ಲಿ ಮರೆಯುವುದು, ಎರಡೂ ಒಟ್ಟಿಗೆ ನಡೆಯಬಾರದು.

1956ರ ನವೆಂಬರ್ 1ರ ತನಕ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿಯಲ್ಲಿತ್ತು. ಇಂದಿಗೂ ಇಲ್ಲಿಯ ಕನ್ನಡ ಮನೆಗಳ ಮಕ್ಕಳು ಕೆಲಸ ಹುಡುಕಿ ಬೀದರಕ್ಕೂ ಹೋಗುತ್ತಾರೆ, ಹೈದರಾಬಾದಿಗೂ ಹೋಗುತ್ತಾರೆ. ಆದಾಯ ತೆರಿಗೆ ಗಡಿಯ ಎರಡೂ ಕಡೆ ಒಂದೇ. ಕನಿಷ್ಠ ವೇತನ ಮಾತ್ರ ರಾಜ್ಯಕ್ಕೊಂದು ಥರ. ಮಗ ಯಾವ ಕಡೆ ದುಡಿಯುತ್ತಾನೋ ಆ ಕಡೆಯ ದರ ಎಷ್ಟು ಎಂಬುದು ಮನೆಯವರಿಗೆ ಗೊತ್ತಿರಬೇಕು. ಎರಡೂ ರಾಜ್ಯಗಳ ಕಾರ್ಮಿಕ ಇಲಾಖೆಗಳು ಗಡಿ ಊರುಗಳ ಹೋಟೆಲುಗಳಲ್ಲಿ ಆ ದರವನ್ನು ಕನ್ನಡ, ತೆಲುಗು, ಉರ್ದುವಿನಲ್ಲಿ ಬರೆಸಿ ಹಾಕಿಸಲಿ.

ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 1ರಿಂದ ಬಕ್ಷೀಸಿನ ಪೂರ್ತಿ ರೊಕ್ಕ ಕೆಲಸಗಾರರಿಗೇ ಸೇರಬೇಕೆಂಬ ಕಾಯ್ದೆ ಜಾರಿಯಲ್ಲಿದೆ. ಪರದೇಶದಿಂದ ತರುವುದಾದರೆ ಅಂಥದ್ದನ್ನು ತರಬೇಕು. ಬಕ್ಷೀಸು ಗಿರಾಕಿ ಖುಷಿಯಿಂದ ಕೊಡುವುದು. ಪಗಾರ ಮಾಲಕ ಕೊಡಲೇಬೇಕಾದದ್ದು. ಒಂದನ್ನು ತೋರಿಸಿ ಇನ್ನೊಂದನ್ನು ನುಂಗುವುದು ನಿಲ್ಲಬೇಕಿದೆ.